ಇಪ್ಪತ್ತಮೂರನೇ ಬಟ್ಟಲು

ಜನವರಿ ಇಪ್ಪತ್ತೆರಡು, ಬೆಳಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಹಲ್ಲುಜ್ಜುತ್ತಿದ್ದಾಗ ಎಡ ಮಣಿಕಟ್ಟಿನ ಒಳಬದಿ ತುರಿಸಿತು. ಸೊಳ್ಳೆ ಕಚ್ಚಿರಬೇಕು ಎಂದುಕೊಂಡೆ. ಏಳೂ ಮೂವತ್ತೈದಕ್ಕೆ ತುರಿಕೆ ಮೊಣಕೈವರೆಗೆ ಏರಿತ್ತು. ಏಳೂ ಐವತ್ತಕ್ಕೆ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಸೂಜಿಮೊನೆಯಷ್ಟು ಗುಳ್ಳೆಗಳು, ಒಂದರ ಪಕ್ಕ ಒಂದು, ಸಾಲಾಗಿ ಎದ್ದಿದ್ದವು. ಎಣಿಸಿದೆ. ಎಡಗೈಯಲ್ಲಿ ಮೂವತ್ತೊಂದು, ಬಲಗೈಯಲ್ಲಿ ಹದಿನಾಲ್ಕು, ಕುತ್ತಿಗೆಯಲ್ಲಿ ಕನ್ನಡಿಯಲ್ಲಿ ಕಂಡಷ್ಟು ಒಂಬತ್ತು. ಬಲಗಣ್ಣಿನ ರೆಪ್ಪೆ ಭಾರವಾಗಿತ್ತು.

ಆ ಹೊತ್ತಿಗೆ ನನಗೆ ಹೆದರಿಕೆ ಇರಲಿಲ್ಲ. ಹೆದರಿಕೆ ಬಂದದ್ದು ಎಂಟೂ ಹದಿನೈದಕ್ಕೆ.

ಬೆಳ್ಳಾರೆಯಲ್ಲಿ, ಮೊದಲು ಅಡಿಕೆ ಸುಲಿಯಲು ಬಳಸುತ್ತಿದ್ದ ಒಂದು ಶೆಡ್ಡಿನಲ್ಲಿ ನನ್ನ ಲೇತ್ ಇದೆ. ಮರದ ತುಂಡನ್ನು ಅದಕ್ಕೆ ಕಚ್ಚಿಸಿ ತಿರುಗಿಸುತ್ತಾ, ಉಳಿ ಹಿಡಿದು ಬಟ್ಟಲು ಕಡೆಯುವುದು ನನ್ನ ಕೆಲಸ. ಅದರಲ್ಲೂ ಮರದ ಗಂಟುಗಳೆಂದರೆ ನನಗೆ ಇಷ್ಟ. ಕೆಲವು ಮರಗಳ ಕಾಂಡದಲ್ಲಿ ಮಡಕೆ ಕವುಚಿಟ್ಟಂತೆ ಉಬ್ಬಿರುತ್ತದಲ್ಲ, ಅದು. ಅದರೊಳಗೆ ಮರದ ಎಳೆಗಳು ನೇರವಾಗಿ ಹೋಗುವುದಿಲ್ಲ, ಸುಳಿ ಸುಳಿಯಾಗಿ ಸುತ್ತಿಕೊಂಡಿರುತ್ತವೆ. ಕಡೆದು, ಉಜ್ಜಿ, ಜೇನುಮೇಣ ಹಚ್ಚಿದರೆ ನೀರಿನ ಸುಳಿ ಹಾಗೆಯೇ ಗಟ್ಟಿಯಾಗಿ ನಿಂತಂತೆ ಕಾಣುತ್ತದೆ.

ಪ್ರತಿ ಬಟ್ಟಲಿಗೂ ನನ್ನ ನೋಟ್‌ಬುಕ್ಕಿನಲ್ಲಿ ಒಂದು ಪುಟ ಉಂಟು. ಸಂಖ್ಯೆ, ಮರ, ತಂದ ದಿನ, ತಂದ ಜಾಗ, ತೂಕ, ಅಂಚಿನ ದಪ್ಪ, ಎಷ್ಟು ಗಂಟೆಯ ಕೆಲಸ, ಮೇಣ ಎಷ್ಟು ಸಲ. ನನಗೆ ಕಡೆಯಲು ಕಲಿಸಿದ ಆಚಾರಿ ಬೆಳ್ಳಾರೆಯವರೇ. ತೊಟ್ಟಿಲಿನ ಕಾಲುಗಳನ್ನು ಕಡೆದೇ ಅವರ ಬೆನ್ನು ಬಾಗಿದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವರು ಹೇಳಿ ಬರೆಸಿದ ಒಂದು ಸಾಲು ಇದೆ: ಮರದ ಹೆಸರು ಗೊತ್ತಿಲ್ಲದ ಬಟ್ಟಲು ಶೋಕೇಸಿಗೆ ಮಾತ್ರ, ಅಡುಗೆಮನೆಗೆ ಅಲ್ಲ.

ಇಪ್ಪತ್ತಮೂರನೇ ಬಟ್ಟಲಿನ ಪುಟದಲ್ಲಿ ಮರದ ಹೆಸರಿನ ಜಾಗ ಖಾಲಿ ಇತ್ತು.

ಎಂಟೂ ಹದಿನೈದಕ್ಕೆ ನಾನು ಆಚಾರಿಯವರ ಜಗಲಿಯಲ್ಲಿದ್ದೆ. ಅವರು ಚಾ ಲೋಟವನ್ನು ಕೆಳಗಿಟ್ಟು ನನ್ನ ಕೈ ನೋಡಿದರು, ಮುಟ್ಟಲಿಲ್ಲ.

"ಮೊನ್ನೆ ಎಂತ ಕಡ್ದದ್ದು ನೀನು?"

"ಬೆಟ್ಟಂಪಾಡಿಯ ಗಂಟು. ಅದರ ಎರಡನೇ ಅರ್ಧ."

"ಯಾವ ಮರ?"

"ಗೊತ್ತಿಲ್ಲ. ಗಂಟು ಕೊಟ್ಟ ಅಜ್ಜ ಹೇಳ್ಲಿಲ್ಲ."

"ಬರೀಲಿಲ್ವಾ? ನೀನು ಕೆಮ್ಮಿದ್ದನ್ನೂ ಬರೆಯುವವಳಲ್ವಾ ಮಾರಾಯ್ತಿ. ಓದು ನೋಡುವ."

ಚೀಲದಿಂದ ನೋಟ್‌ಬುಕ್ ತೆಗೆದು ಓದಿದೆ. "ಅಕ್ಟೋಬರ್ ನಾಲ್ಕು. ಬೆಟ್ಟಂಪಾಡಿ. ತೋಟದ ಅಂಚಿನಲ್ಲಿ ಹಳೆ ಹಂಚಿನ ರಾಶಿಯ ಹಿಂದೆ ಇತ್ತು. ತೂಕ ಹನ್ನೊಂದೂವರೆ ಕಿಲೋ. ಬಿದ್ದು ನಾಲ್ಕು ಮಳೆಗಾಲ ಕಳೆದಿದೆಯಂತೆ, ಚೆನ್ನಾಗಿ ಒಣಗಿದೆ. ಮರದ ಹೆಸರು ಕೇಳಿದೆ, ಅಜ್ಜ ತಿಳಿಸಲಿಲ್ಲ. ಎತ್ತುವ ಮೊದಲು ಎರಡೂ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡರು. ಗೋಣಿ ಸುತ್ತಿ ಎತ್ತಿದರು. ಚಾ ಕೊಟ್ಟರು."

ಓದಿ ಮುಗಿಸುವಷ್ಟರಲ್ಲಿ ಆಚಾರಿ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡಿದ್ದರು.

"ಪುಸ್ತಕದಲ್ಲಿ ಎಲ್ಲ ಉಂಟು. ತಲೆಯಲ್ಲಿ ಮಾತ್ರ ಇಲ್ಲ," ಎಂದರು. "ಎಣ್ಣೆ ಹಚ್ಚಿ, ಗೋಣಿ ಸುತ್ತಿ ಯಾವ ಮರವನ್ನು ಎತ್ತುದು? ಹಲಸನ್ನಾ?"

ಆಗ ನನಗೆ ಗೊತ್ತಾಯಿತು. ಚೇರೆ. ನಮ್ಮ ಕಡೆಯ ಕಾಡಿನಲ್ಲಿ, ತೋಟದ ಅಂಚಿನಲ್ಲಿ ಬೆಳೆಯುವ ಮರ. ಅದರ ಸೊನೆ ತಾಗಿದರೆ ಮೈಯೆಲ್ಲ ಸುಟ್ಟ ಹಾಗೆ ಗುಳ್ಳೆ ಏಳುತ್ತದೆ. ಕೆಲವರಿಗೆ ಕೆಳಗೆ ನಡೆದುಹೋದರೂ ಸಾಕು, ಮುಖ ಊದಿಕೊಳ್ಳುತ್ತದೆ. ನಾನು ಪುತ್ತೂರಿನ ಪೇಟೆಯಲ್ಲಿ, ಬಾಡಿಗೆ ಮನೆಯಲ್ಲಿ ಬೆಳೆದವಳು. ಚೇರೆಯ ವಿಷಯ ಕೇಳಿದ್ದೆ, ಮರ ನೋಡಿರಲಿಲ್ಲ. ಇಷ್ಟಾದರೂ ನನಗೆ ತಟ್ಟಿದ ಹೆದರಿಕೆ ನನ್ನ ಕೈಯ ಬಗ್ಗೆ ಅಲ್ಲ.

"ಬಟ್ಟಲು ಎಲ್ಲಿ ಉಂಟು ಈಗ?" ಆಚಾರಿ ಕೇಳಿದರು.

"ಕಾಣಿಯೂರಿನಲ್ಲಿ. ಪಾಪುವಿಗೆ ಅನ್ನ ತಿನ್ನಿಸ್ಲಿಕ್ಕೆ."

"ಯಾವತ್ತು ತಿನ್ನಿಸುದು?"

"ಇವತ್ತು. ಹನ್ನೊಂದು ಗಂಟೆಗೆ."

ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತ ಗೆಳತಿ ನನಗೊಬ್ಬಳಿದ್ದಾಳೆ. ಮದುವೆಯಾಗಿ ಕಾಣಿಯೂರಿಗೆ ಹೋದಳು. ಅವಳ ಮಗಳಿಗೆ ಆರು ತಿಂಗಳು ತುಂಬಿತ್ತು. ಜನವರಿ ಹದಿನೆಂಟರ ಸಂಜೆ ಕಡೆದ ಬಟ್ಟಲಿನ ಫೋಟೊ ಅವಳಿಗೆ ಕಳಿಸಿದ್ದೆ, ಸುಮ್ಮನೆ ಖುಷಿಗೆ. ತೆಳು ಬೂದು ಬಣ್ಣದ ಮೇಲೆ ಶಾಯಿ ಚೆಲ್ಲಿದ ಹಾಗೆ ಕಪ್ಪು ಗೆರೆಗಳು. ನಾನು ಕಡೆದ ಎಲ್ಲ ಬಟ್ಟಲುಗಳಲ್ಲಿ ಅದೇ ಚಂದ. ಅವಳ ಉತ್ತರ ಎರಡು ನಿಮಿಷದಲ್ಲಿ ಬಂದಿತ್ತು: "ಇದು ನನಗೆ ಬೇಕು ಮಾರಾಯ್ತಿ. ಪಾಪುವಿಗೆ ಮೊದಲ ಅನ್ನ ಇದರಲ್ಲೇ." ಅದನ್ನು ಓದಿದಾಗ ಮೊದಲ ಪುಟದ ಸಾಲು ನನಗೆ ನೆನಪಾಗಿತ್ತು. ನೆನಪಾಗಿಯೂ "ಸರಿ" ಎಂದು ಬರೆದೆ. ಹತ್ತೊಂಬತ್ತಕ್ಕೆ ಉಜ್ಜಿದೆ, ಇಪ್ಪತ್ತಕ್ಕೆ ಎರಡು ಸಲ ಮೇಣ ಹಚ್ಚಿದೆ, ಇಪ್ಪತ್ತೊಂದರ ಬೆಳಗ್ಗೆ ಪೇಪರ್ ಸುತ್ತಿ ಬಸ್ಸಿನವರ ಕೈಯಲ್ಲಿ ಕೊಟ್ಟೆ. ಮಧ್ಯಾಹ್ನಕ್ಕೆ ಅವಳ ಗಂಡ ಬಸ್ ಸ್ಟಾಂಡಿನಲ್ಲಿ ತೆಗೆದುಕೊಂಡ.

ಇದೇ ಗಂಟಿನ ಮೊದಲ ಅರ್ಧವನ್ನು ನವೆಂಬರ್ ಕೊನೆಯಲ್ಲಿ ಕಡೆದಿದ್ದೆ. ಅದು ಇಪ್ಪತ್ತೆರಡನೇ ಬಟ್ಟಲು, ಶೆಡ್ಡಿನ ಕಪಾಟಿನಲ್ಲೇ ಇತ್ತು. ಆಗ ಒಂದು ಗುಳ್ಳೆಯೂ ಎದ್ದಿರಲಿಲ್ಲ. ಹಾಗಾಗಿ ಮರ ಸಾಧು ಎಂದು ನಂಬಿದ್ದೆ.

ಎಂಟೂ ಇಪ್ಪತ್ತೆಂಟಕ್ಕೆ ಬೆಟ್ಟಂಪಾಡಿಯ ಅಜ್ಜನಿಗೆ ಫೋನ್ ಮಾಡಿದೆ. ಆಚಾರಿ ಹೇಳಿದ್ದು ತಪ್ಪಾಗಿರಲಿ ಎಂದು ಆಸೆ.

"ಅಜ್ಜ, ನೀವು ಕೊಟ್ಟ ಗಂಟು ಯಾವ ಮರದ್ದು?"

"ಯಾಕೆ? ಎದ್ದು ಬಂತಾ?"

ಅಷ್ಟೇ ಸಾಕಾಯಿತು. ಆದರೂ ಕೇಳಿದೆ. "ಆವತ್ತು ಯಾಕೆ ಹೇಳ್ಲಿಲ್ಲ ನೀವು?"

"ಅದನ್ನು ಎತ್ತುವಾಗ ಹೆಸರು ಹೇಳ್ಲಿಕ್ಕೆ ಉಂಟಾ? ಹೆಸರು ಹೇಳಿದ್ರೆ ಮೈಮೇಲೆ ಬರ್ತದೆ. ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತುಂಟು. ನಾನು ಎಣ್ಣೆ ಹಚ್ಚಿದ್ದು ನೀನು ನಿಂತು ನೋಡಿದ್ದಿ. ನೋಡಿ ಬರ್ಕೊಂಡೆ ಬೇರೆ! ಹುಡುಗಿಗೆ ಗೊತ್ತಾಯ್ತು ಅಂತ ನಾನು ಎಣಿಸಿದೆ."

"ನವೆಂಬರಿನಲ್ಲಿ ಅರ್ಧ ಕಡ್ದಿದ್ದೆ ಅಜ್ಜ, ಆಗ ಎಂತದ್ದೂ ಆಗ್ಲಿಲ್ಲ."

"ಮೊದಲನೇ ಸಲ ಅದು ನೋಡಿ ಹೋಗುದು. ಎರಡನೇ ಸಲ ಬರುದು. ಶೋಕೇಸಿಗೆ ಅಂತ ಹೇಳಿದ್ದಿ ಅಲ್ವಾ, ಇರ್ಲಿ, ಮುಟ್ಟದೆ ಇಡು. ಶಾಂತಿ ಮರಕ್ಕೆ ಮೂರು ಸುತ್ತು ಬಾ."

ಅದು ಅನ್ನದ ಬಟ್ಟಲಾಗಿದೆ ಎಂದು ಹೇಳದೆ ಫೋನ್ ಇಟ್ಟೆ.

ಎಂಟೂ ಮೂವತ್ತಾರರಿಂದ ಒಂಬತ್ತರವರೆಗೆ ಗೆಳತಿಗೆ ಹನ್ನೊಂದು ಸಲ, ಅವಳ ಗಂಡನಿಗೆ ಏಳು ಸಲ ಫೋನ್ ಮಾಡಿದೆ, ಒಂದೂ ಸಿಗಲಿಲ್ಲ. ಅವರ ಮನೆ ಇಳಿಜಾರಿನ ಕೆಳಗೆ. ಬಾವಿಕಟ್ಟೆಯ ಹತ್ತಿರ ನಿಂತರೆ ಮಾತ್ರ ರೇಂಜ್ ಸಿಗುತ್ತದೆ. ಮೆಸೇಜ್ ಹಾಕಿದೆ: "ಆ ಬಟ್ಟಲು ಮುಟ್ಟಬೇಡಿ. ಅನ್ನ ಹಾಕಬೇಡಿ. ನಾನು ಬರ್ತಾ ಇದ್ದೇನೆ." ಒಂದೇ ಟಿಕ್ ಬಿತ್ತು. ಅದು ಎರಡಾಗುತ್ತದೋ ಎಂದು ಎಷ್ಟು ಸಲ ನೋಡಿದೆನೋ, ಅದೊಂದನ್ನು ಎಣಿಸಲಿಲ್ಲ.

ಸ್ಕೂಟರ್ ಹಿಡಿಯಲು ಕೈ ಬಗ್ಗುತ್ತಿರಲಿಲ್ಲ. ಒಂಬತ್ತೂ ಹತ್ತರ ಬಸ್ಸಿಗೆ ಹತ್ತಿದೆ. ಹೊರಡುವಾಗ ಆಚಾರಿ ಹಿಂದಿನಿಂದ ಕೂಗಿ ಹೇಳಿದರು: "ಏನು ಮಾಡಿದ್ರೂ ಒಲೆಗೆ ಹಾಕ್ಬೇಡಿ ಅದನ್ನು! ಹೊಗೆ ಕಣ್ಣಿಗೆ, ಎದೆಗೆ ಹೋದ್ರೆ ಮತ್ತೆ ನೋಡ್ಲಿಕ್ಕಿಲ್ಲ."

ಬಸ್ಸಿನಲ್ಲಿ ಪಕ್ಕದ ಹೆಂಗಸು ನನ್ನ ಮುಖ ನೋಡಿ ಎದ್ದು ಬೇರೆ ಸೀಟಿಗೆ ಹೋದರು. ನಿಂತಿಕಲ್ಲಿನಲ್ಲಿ ಇಳಿದಾಗ ಒಂಬತ್ತೂ ಮೂವತ್ತೆಂಟು. ಕಾಣಿಯೂರಿನ ಕಡೆಯ ಬಸ್ಸು ಇರಲಿಲ್ಲ. ರಿಕ್ಷಾ ಸ್ಟಾಂಡಿನಲ್ಲಿ ಒಂದೂ ರಿಕ್ಷಾ ಇಲ್ಲ. ಹನ್ನೊಂದಕ್ಕೆ ಇನ್ನೂ ಒಂದು ಗಂಟೆ ಇಪ್ಪತ್ತೆರಡು ನಿಮಿಷ ಇದೆ, ದಾರಿ ಹೆಚ್ಚೆಂದರೆ ಅರ್ಧ ಗಂಟೆ ಎಂದು ನನಗೆ ನಾನೇ ಲೆಕ್ಕ ಒಪ್ಪಿಸಿದೆ. ಆ ಹೊತ್ತಿನಲ್ಲಿ ನನ್ನ ತಲೆಗೆ ಒಂದೇ ಚಿತ್ರ ಬರುತ್ತಿತ್ತು. ನನ್ನ ಕೈಯಲ್ಲಿರುವ ಸಾಲುಗುಳ್ಳೆ, ಆದರೆ ಒಂದು ಸಣ್ಣ ಬಾಯಿಯ ಒಳಗೆ, ನಾಲಿಗೆಯ ಮೇಲೆ, ಗಂಟಲಲ್ಲಿ. ಬಿಸಿ ಅನ್ನ ಬಿದ್ದರೆ ಮೇಣ ಕರಗುತ್ತದೆ. ಮೇಣ ಕರಗಿದರೆ ಕೆಳಗಿನ ಮರ ಮೇಲೆ ಬರುತ್ತದೆ. ಇಪ್ಪತ್ತನೇ ತಾರೀಖು ನಾನೇ ಬರೆದಿದ್ದೆ, "ತೆಳುವಾಗಿ ಎರಡು ಸಲ". ಮೂರು ಸಲ ಯಾಕೆ ಹಚ್ಚಲಿಲ್ಲ?

ರಿಕ್ಷಾ ಸಿಕ್ಕಿದ್ದು ಹತ್ತೂ ಐದಕ್ಕೆ. ಗೆಳತಿಯ ಅಂಗಳಕ್ಕೆ ಇಳಿದದ್ದು ಹತ್ತೂ ಮೂವತ್ತೆರಡಕ್ಕೆ.

ಜಗಲಿಯಲ್ಲಿ ಮಣೆ, ದೀಪ, ಬಾಳೆಎಲೆ ಎಲ್ಲ ಇತ್ತು. ಗೆಳತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು. ಅವಳ ಅತ್ತೆ ನನ್ನನ್ನು ಕಂಡು ನಗುತ್ತಾ ಎದ್ದರು.

"ಬಾ ಬಾ, ಬರುದಿಲ್ಲ ಹೇಳಿ ಬಂದೆಯಲ್ಲ! ಸ್ವಲ್ಪ ತಡ ಆಯ್ತು ನಿನಗೆ. ಪಾಪು ಹಸಿವಲ್ಲಿ ಕೂಗ್ಲಿಕ್ಕೆ ಶುರು ಮಾಡಿತು. ಇನ್ನು ಹನ್ನೊಂದರ ವರೆಗೆ ಕಾಯ್ಲಿಕ್ಕೆ ಆಗುದಿಲ್ಲ ಅಂತ ಹತ್ತು ಗಂಟೆಗೇ ತಿನ್ನಿಸಿದೆವು. ಅಯ್ಯೋ, ಎಂತ ಇದು ನಿನ್ನ ಕಣ್ಣು?"

ಬಟ್ಟಲು ಮಣೆಯ ಪಕ್ಕದಲ್ಲಿತ್ತು. ಒಳಗೆ ತುಪ್ಪದ ಅನ್ನ ಅಂಟಿಕೊಂಡಿತ್ತು. ಅದರ ಅಂಚಿನಲ್ಲಿ, ನಾನು ನಾಲ್ಕು ಮಿಲಿಮೀಟರಿಗೆ ಇಳಿಸಿದ್ದ ಆ ಅಂಚಿನಲ್ಲಿ, ಸಣ್ಣ ಕೈಯ ಗುರುತು ಅನ್ನದಿಂದ ಮೂಡಿತ್ತು. ಮಗು ಅದನ್ನು ಹಿಡಿದುಕೊಂಡಿತ್ತು.

"ಎಷ್ಟು ತುತ್ತು?" ನನ್ನ ಬಾಯಿಂದ ಮೊದಲು ಬಂದ ಮಾತು ಇದು.

"ಎಂತ ಕೇಳುದು ಇದು?" ಗೆಳತಿ ನಕ್ಕಳು. "ಐದೋ ಆರೋ. ಉಳಿದದ್ದನ್ನು ಉಗುಳಿತು. ಬಟ್ಟಲನ್ನು ನೆಕ್ಕಿತು ಮಾತ್ರ, ಭಾರೀ ಇಷ್ಟ ಅದಕ್ಕೆ."

ನಿಂತಲ್ಲೇ ಹೇಳಿದೆ. ಒಂದು ಮಾತನ್ನೂ ಬಿಡದೆ ಹೇಳಿದೆ: ಗಂಟು, ಅಜ್ಜ, ಎಣ್ಣೆ, ಗೋಣಿ, ಖಾಲಿ ಬಿಟ್ಟ ಜಾಗ. ಹೇಳಿ ಮುಗಿಸಿದಾಗ ಗೆಳತಿಯ ಕೈ ಮಗುವಿನ ಬೆನ್ನಿನ ಮೇಲೆ ನಿಂತುಹೋಗಿತ್ತು. ಅವಳು ಬೈಯಲಿಲ್ಲ. ಮಗುವನ್ನು ಬಾವಿಕಟ್ಟೆಗೆ ಎತ್ತಿಕೊಂಡು ಹೋಗಿ, ಬಾಯಿ, ಕೈ ತೊಳೆದು, ಸೆರಗಿನಿಂದ ಒರೆಸಿ, ಮತ್ತೆ ತೊಳೆದಳು. ಅಲ್ಲಿ ಅವಳ ಸೊಂಟದಲ್ಲಿದ್ದ ಫೋನಿಗೆ ರೇಂಜ್ ಸಿಕ್ಕಿ ನನ್ನ ಮೆಸೇಜುಗಳು ಒಂದರ ಹಿಂದೆ ಒಂದು ಸದ್ದು ಮಾಡಿದವು.

ಅಷ್ಟರಲ್ಲಿ ಅತ್ತೆ ಬಟ್ಟಲನ್ನು ಇಕ್ಕಳದಲ್ಲಿ ಹಿಡಿದು ಬಚ್ಚಲಿನ ಕಡೆಗೆ ನಡೆದಿದ್ದರು. ಅಲ್ಲಿ ನೀರೊಲೆ ಉರಿಯುತ್ತಿತ್ತು.

"ಬೇಡ! ಸುಡ್ಬೇಡಿ!" ನಾನು ಕೂಗಿದ ರಭಸಕ್ಕೆ ಮಗು ಬೆಚ್ಚಿ ಅತ್ತಿತು. "ಹೊಗೆ ಮನೆಯೊಳಗೆ ಬರ್ತದೆ."

ಅವರು ತಿರುಗಿ ನಿಂತರು. "ಸುಡ್ಲಿಕ್ಕೂ ಆಗದ್ದನ್ನು ಅನ್ನಕ್ಕೆ ಕಳಿಸಿದ್ದಾ ನೀನು?"

ಅಂಗಳದ ಮೂಲೆಯಲ್ಲಿದ್ದ ಗೋಣಿಯನ್ನು ತಂದು ಅವರ ಮುಂದೆ ಹಿಡಿದೆ.

ಬಟ್ಟಲನ್ನು ಗೋಣಿಯಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ ನನ್ನ ಕಾಲಬುಡದಲ್ಲಿ ಇಟ್ಟರು. ಆಮೇಲೆ ಅತ್ತೆ, "ನಡೀರಿ," ಎಂದರು. ಅವರ ಗುಡ್ಡೆಯ ಬದಿಯಲ್ಲಿ ಒಂದು ಶಾಂತಿ ಮರ ಇದೆ. ಪುಸ್ತಕಗಳಲ್ಲಿ ಅದನ್ನು ತಾರೆ ಮರ ಎನ್ನುತ್ತಾರೆ. ಚೇರೆ ಏನು ಮಾಡಿದರೂ ಅದನ್ನು ಇಳಿಸುವುದು ಶಾಂತಿ ಮರ ಎಂಬುದು ನಂಬಿಕೆ. ಅತ್ತೆ ಮುಂದೆ, ಮಗುವನ್ನು ಎತ್ತಿಕೊಂಡ ಗೆಳತಿ ನಡುವೆ, ನಾನು ಹತ್ತು ಹೆಜ್ಜೆ ಹಿಂದೆ. ಮೂರು ಸುತ್ತು ಬಂದೆವು. "ಅವನು ಮಾಡಿದ್ದನ್ನು ನೀನು ತೆಗಿ," ಎಂದು ಅತ್ತೆ ಮರಕ್ಕೆ ಹೇಳಿದರು. ಅಲ್ಲೂ ಹೆಸರು ಹೇಳಲಿಲ್ಲ. ನನಗೆ ಇಂಥದ್ದರಲ್ಲಿ ನಂಬಿಕೆ ಕಡಿಮೆ. ಆದರೂ ಸುತ್ತು ಮೂರಾಯಿತೋ ಎರಡೇ ಆಯಿತೋ ಎಂದು ಸಂಶಯ ಬಂದು ನಾನೊಬ್ಬಳೇ ಇನ್ನೊಂದು ಸುತ್ತು ಬಂದೆ.

ಅದೇ ಮಧ್ಯಾಹ್ನ ಮಗುವನ್ನು ಕಡಬದಲ್ಲಿ ಡಾಕ್ಟರಿಗೆ ತೋರಿಸಿದರು. ಬಾಯಿಯೊಳಗೆ ಟಾರ್ಚ್ ಹಾಕಿ ನೋಡಿ, ಈಗ ಏನೂ ಇಲ್ಲ, ಏನಾದರೂ ಆಗುವುದಿದ್ದರೆ ಕೆಲವು ದಿನ ಬಿಟ್ಟು ಕಾಣಬಹುದು, ತುಟಿ ಊದಿದರೆ, ಉಸಿರು ಕಟ್ಟಿದರೆ ತಕ್ಷಣ ಬನ್ನಿ ಎಂದರಂತೆ. ಕೆಲವು ದಿನ ಬಿಟ್ಟು! ನನಗೂ ಉಜ್ಜಿದ ಮೂರನೇ ದಿನವೇ ತುರಿಕೆ ಬಂದದ್ದು.

ಗೆಳತಿ ಪ್ರತಿದಿನ ಬೆಳಗ್ಗೆ ಏಳಕ್ಕೆ ಬಾವಿಕಟ್ಟೆಗೆ ಬಂದು ಮಗುವಿನ ಬಾಯಿಯ ಫೋಟೊ ಕಳಿಸುವುದು ಎಂದು ಮಾತಾಯಿತು. ಜನವರಿ ಇಪ್ಪತ್ತಮೂರು, ಏಳೂ ನಾಲ್ಕು: ಏನೂ ಇಲ್ಲ. ಇಪ್ಪತ್ತನಾಲ್ಕು, ಆರೂ ಐವತ್ತೆಂಟು: ಏನೂ ಇಲ್ಲ. ಇಪ್ಪತ್ತೈದು, ಏಳೂ ಎರಡು: ಏನೂ ಇಲ್ಲ, ನಗುತ್ತಿದೆ. ಆ ಮೂರು ದಿನಗಳಲ್ಲಿ ನನ್ನ ಗುಳ್ಳೆಗಳು ಒಡೆದು ನೀರು ಸೋರಿ, ಕೈಗಳು ಬಟ್ಟೆಗೆ ಅಂಟುತ್ತಿದ್ದವು. ಬಲಗಣ್ಣು ಪೂರ್ತಿ ಮುಚ್ಚಿತ್ತು. ಒಂದು ಕಣ್ಣಿನಲ್ಲೇ ಫೋಟೊವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದೆ.

ಇಪ್ಪತ್ತಾರರ ಬೆಳಗ್ಗೆ ಏಳಕ್ಕೆ ಫೋಟೊ ಬರಲಿಲ್ಲ. ಎಂಟಕ್ಕೂ ಇಲ್ಲ. ಒಂಬತ್ತಕ್ಕೂ ಇಲ್ಲ. ಫೋನ್ ಮಾಡಲು ಧೈರ್ಯ ಬರಲಿಲ್ಲ. ಆಸ್ಪತ್ರೆಯಲ್ಲಿದ್ದರೆ ಮೊದಲು ಕೇಳಿಸುವುದು ಆಸ್ಪತ್ರೆಯ ಸದ್ದು ಎಂದು ಅನಿಸಿತ್ತು. ಒಂಬತ್ತೂ ನಲವತ್ತಕ್ಕೆ ಫೋಟೊ ಬಂತು. ಕೆಳತುಟಿಯ ಎಡ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ. ಕೆಳಗೆ ಅವಳು ಬರೆದಿದ್ದಳು: "ಇದು ಎಂತ?"

ಫೋಟೊವನ್ನು ಆಚಾರಿಯವರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು.

"ಒಂದೇ ಉಂಟಾ?"

"ಒಂದೇ."

"ಅದು ಒಂದೇ ಆಗಿ ಬರುದಿಲ್ಲ. ಸಂಸಾರ ಕಟ್ಟಿಕೊಂಡೇ ಬರುದು. ಸಂಜೆ ತನಕ ನೋಡು."

ಸಂಜೆಯವರೆಗೆ ಅರ್ಧ ಗಂಟೆಗೊಂದು ಫೋಟೊ, ಒಟ್ಟು ಹದಿನೈದು ಬಂದವು. ಚುಕ್ಕೆ ಒಂದೇ ಉಳಿಯಿತು. ಮರುದಿನಕ್ಕೆ ಮಾಸಿತ್ತು. ನುಸಿ ಕಚ್ಚಿದ್ದು. ಬೆಳಗ್ಗೆ ಫೋಟೊ ತಡವಾದದ್ದು ಫೋನಿನಲ್ಲಿ ಚಾರ್ಜ್ ಇರಲಿಲ್ಲ ಎಂದು. ಒಂಬತ್ತನೇ ದಿನ, ಜನವರಿ ಮೂವತ್ತೊಂದಕ್ಕೆ, ಗೆಳತಿ ಬರೆದಳು: "ಇನ್ನು ಸಾಕು. ಪಾಪು ಹುಷಾರಾಗಿ ಉಂಟು. ನೀನೂ ಮಲಗು ಸ್ವಲ್ಪ."

ಇಲ್ಲಿಗೆ ಮುಗಿಯಬೇಕಿತ್ತು. ಫೆಬ್ರವರಿ ಮೂರರಂದು ಪುತ್ತೂರಿನಲ್ಲಿ ಚರ್ಮದ ಡಾಕ್ಟರಿಗೆ ನನ್ನ ಕೈ ತೋರಿಸಲು ಹೋದೆ. ಕಪ್ಪಾದ ಕಲೆಗಳಿಗೆ ಮುಲಾಮು ಬರೆಯುತ್ತಾ ಅವರು ಹೇಳಿದರು, ಮೊದಲ ಸಲ ತಾಗಿದಾಗ ಮೈ ಸುಮ್ಮನಿದ್ದು ಗುರುತು ಹಿಡಿದುಕೊಳ್ಳುತ್ತದೆ, ಎರಡನೇ ಸಲಕ್ಕೆ ಏಳುತ್ತದೆ, ನಿಮಗೆ ಆದದ್ದೂ ಅದೇ. ಅಜ್ಜ ಹೇಳಿದ ಮಾತೇ. ಚೇರೆ, ಗೇರು, ಮಾವು ಎಲ್ಲ ಒಂದೇ ಕುಟುಂಬ, ಇನ್ನು ಮುಂದೆ ಮಾವಿನ ಸೊನೆಯಲ್ಲಿ ಜಾಗ್ರತೆ ಎಂದೂ ಸೇರಿಸಿದರು.

ನಾನು ಮಗುವಿನ ವಿಷಯ ಹೇಳಿ, "ಅದಕ್ಕೆ ಇದು ಮೊದಲನೇ ಸಲವೇ ಅಲ್ವಾ ಡಾಕ್ಟ್ರೇ?" ಎಂದು ಕೇಳಿದೆ.

ಅವರು ಪೆನ್ನು ಎತ್ತಿದರು. "ಮೇಣದ ಮೇಲಿನಿಂದ ತಾಗಿತೋ ಇಲ್ಲವೋ ಯಾರಿಗೆ ಗೊತ್ತು? ತಾಗದೆಯೂ ಇರಬಹುದು. ತಾಗಿದ್ದರೆ ಮಾವಿನ ಸೊನೆಯೂ ಎರಡನೇ ಸಲ ಆಗಬಹುದು. ನೋಡುತ್ತಾ ಇರಿ."

ಗೆಳತಿಗೆ ಅಂದೇ ಹೇಳಿದೆ. ಮುಚ್ಚಿಡುವ ತಪ್ಪನ್ನು ಎರಡನೇ ಸಲ ಮಾಡಲಾರೆ. ಅವಳು, "ಹಾಗಾದ್ರೆ ಈ ಸಲ ಮಾವಿನಹಣ್ಣು ಕೊಡುದು ಬೇಡ," ಎಂದಳು. ಅವರ ಅಂಗಳದಲ್ಲೇ ಮಾವಿನ ಮರ ಇದೆ. ಗೇರು ಗುಡ್ಡೆಯ ತುಂಬ ಇದೆ. ಮಗು ಈಗ ಅಂಬೆಗಾಲಿಡುತ್ತಿದೆ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದಂತೆ.

ಇದನ್ನು ಬರೆಯುತ್ತಿರುವುದು ಏಪ್ರಿಲ್ ಹತ್ತು, ಸಂಜೆ ನಾಲ್ಕೂ ಕಾಲು. ಇಪ್ಪತ್ತೆರಡನೇ ಮತ್ತು ಇಪ್ಪತ್ತಮೂರನೇ ಬಟ್ಟಲುಗಳು ಬಿಸ್ಕತ್ತಿನ ಡಬ್ಬದೊಳಗೆ, ಟೇಪ್ ಸುತ್ತಿ, ಶೆಡ್ಡಿನ ಕಪಾಟಿನಲ್ಲಿವೆ. ಸುಡುವಂತಿಲ್ಲ. ಹೊಳೆಗೆ ಎಸೆಯಲು ಮನಸ್ಸಿಲ್ಲ. ಹೂಳೋಣವೆಂದರೆ ಯಾರ ಜಾಗದಲ್ಲಿ? ಖಾಲಿ ಇದ್ದ ಜಾಗವನ್ನು ತುಂಬಿದ್ದೇನೆ: "ಮರ: ಚೇರೆ." ಬರೆದ ದಿನ ಆಚಾರಿ ಆ ಪುಟವನ್ನು ಓದಲೂ ಒಪ್ಪಲಿಲ್ಲ. ಇಪ್ಪತ್ತನಾಲ್ಕನೇ ಬಟ್ಟಲನ್ನು ಶುರು ಮಾಡಿಲ್ಲ. ಹಲಸಿನ ಗಂಟೊಂದು ಎರಡು ತಿಂಗಳಿಂದ ಕಾಯುತ್ತಿದೆ. ಹಲಸು ಎಂದು ನಾಲ್ಕು ಜನರನ್ನು ಕೇಳಿ ಗಟ್ಟಿ ಮಾಡಿಕೊಂಡರೂ ಲೇತಿನ ಸ್ವಿಚ್ಚಿನ ಮೇಲೆ ಕೈ ನಿಲ್ಲುತ್ತದೆ. ನಿನ್ನೆ ಗೆಳತಿ ಫೋಟೊ ಕಳಿಸಿದ್ದಳು. ಅವರ ಮಾವಿನ ಮರದಲ್ಲಿ ಕಾಯಿಗಳು ಬಣ್ಣಕ್ಕೆ ತಿರುಗಿವೆ. ಕೆಳಗೆ ಚಾಪೆಯ ಮೇಲೆ ಮಗು ಕೂತಿದೆ, ಮೇಲೆ ನೋಡುತ್ತಿದೆ.

ನಾಲ್ಕು ಮಳೆಗಾಲ ಕಳೆದು ಒಣಗಿದ ಚೇರೆಯಲ್ಲಿ ಸೊನೆಯ ಗುಣ ಎಷ್ಟು ಉಳಿಯುತ್ತದೆ, ಮೇಣ ಅದನ್ನು ತಡೆಯುತ್ತದೆಯೇ, ಎಳೆ ಮಗುವಿಗೆ ಒಮ್ಮೆ ತಾಗಿದ್ದರೆ ಆ ಮಗು ಮುಂದೆ ಮಾವು ತಿಂದದ್ದುಂಟೇ, ತಿಂದು ಏನಾಯಿತು? ಮರ ಕಡಿಯುವವರು, ಆಚಾರಿಗಳು, ಡಾಕ್ಟರುಗಳು, ಮನೆಯಲ್ಲಿ ಇಂಥದ್ದನ್ನು ಕಂಡ ಅಜ್ಜಿಯರು, ಯಾರಿಗೆ ಗೊತ್ತಿದ್ದರೂ ದಯವಿಟ್ಟು ಬರೆಯಿರಿ. ಹೆಸರು ಹೇಳಲು ಹೆದರಿಕೆಯಿದ್ದರೆ "ಆ ಮರ" ಎಂದರೆ ಸಾಕು, ನನಗೆ ಅರ್ಥವಾಗುತ್ತದೆ. ಮಾವು ಹಣ್ಣಾಗಲು ಇನ್ನು ಹೆಚ್ಚು ದಿನ ಇಲ್ಲ.